ಇಪ್ಪತ್ತು ವರ್ಷ ಬೈಕ್ ಓಡಿಸಿದವರಿಗೂ ತರಬೇತಿ ಬೇಕೆ?

ವಾರಾಂತ್ಯಗಳಲ್ಲಿ ಬೈಕ್ ಸವಾರರಿಗೆ ತರಬೇತಿ ಕೊಡುತ್ತೇನೆ ಎಂದು ಗೊತ್ತಾದ ಕೂಡಲೇ ಎದುರಾಗುವ ಪ್ರಶ್ನೆ ಒಂದೇ: "ಇಪ್ಪತ್ತು ವರ್ಷದಿಂದ ಗಾಡಿ ಓಡಿಸುತ್ತಿದ್ದೇನೆ ಸಾರ್, ಒಂದು ಸಲವೂ ಬಿದ್ದಿಲ್ಲ. ನನಗೆ ಇನ್ನೇನು ಕಲಿಸುತ್ತೀರಿ?" ಕೇಳುವವರ ದನಿಯಲ್ಲಿ ಕುತೂಹಲಕ್ಕಿಂತ ಸವಾಲೇ ಒಂದು ಗುಲಗಂಜಿ ಹೆಚ್ಚು. ಮದುವೆ ಮನೆಯ ಪಂಕ್ತಿಯಲ್ಲಿ ಕುಳಿತಾಗಲೂ ಕೇಳಿದ್ದಾರೆ. ಅಲ್ಲಿ ಉತ್ತರ ಮುಗಿಯುವ ಮೊದಲೇ ಸಾರು ಬಂದುಬಿಡುತ್ತದೆ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ರಸ್ತೆಗಳಲ್ಲಿ ಇಪ್ಪತ್ತು ವರ್ಷ ಸವಾರಿ ಮಾಡಿದವರಿಗೆ ಗೊತ್ತಿರುವುದು ಕಡಿಮೆಯೇನಲ್ಲ. ಆಟೊ ಯಾವ ಕಡೆ ತಿರುಗುತ್ತದೆ ಎಂಬುದನ್ನು ಅದರ ಮುಂದಿನ ಚಕ್ರ ನೋಡಿಯೇ ಹೇಳುತ್ತಾರೆ. ಬಸ್‌ ನಿಲ್ದಾಣದಲ್ಲಿ ನಿಂತ ಬಸ್ಸಿನ ಮುಂಭಾಗದಿಂದ ಯಾರಾದರೂ ಓಡಿಬರುತ್ತಾರೆ ಎಂದು ಊಹಿಸುತ್ತಾರೆ. ಅದನ್ನು ನಾನು ಕಲಿಸಬೇಕಾಗಿಲ್ಲ. ಆದರೆ ಈ ಇಪ್ಪತ್ತು ವರ್ಷದಲ್ಲಿ ಜೀವ ಉಳಿಸಿಕೊಳ್ಳುವಷ್ಟು ಜೋರಾಗಿ ಬ್ರೇಕ್ ಹಿಡಿದದ್ದು ಎಷ್ಟು ಸಲ? ಬೆರಳೆಣಿಕೆಯಷ್ಟು. ಪ್ರತಿಸಲವೂ ಎರಡು ಸೆಕೆಂಡಿನಲ್ಲಿ ಎಲ್ಲ ಮುಗಿದಿರುತ್ತದೆ. ಆ ಹೊತ್ತಿನಲ್ಲಿ ಕೈ ಏನು ಮಾಡಿತು, ಕಾಲು ಏನು ಮಾಡಿತು ಎಂದು ಹೇಳುವವರು ಯಾರೂ ಇರುವುದಿಲ್ಲ. ಬೀಳಲಿಲ್ಲವಾದ್ದರಿಂದ ಮಾಡಿದ್ದೇ ಸರಿ ಎಂದು ನಂಬಿ ಮುಂದೆ ಹೋಗುತ್ತೇವೆ.

ಆದ್ದರಿಂದ ಮೈದಾನದಲ್ಲಿ ಮೊದಲ ಪಾಠ ಬ್ರೇಕಿನದೇ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಬಂದು, ಮುಂದಿನ ಚಕ್ರ ಎರಡು ಕೋನ್‌ಗಳನ್ನು ದಾಟಿದ ತಕ್ಷಣ ಆದಷ್ಟು ಬೇಗ ನಿಲ್ಲಿಸಬೇಕು. ನಿಂತ ಜಾಗದಲ್ಲಿ ಸೀಮೆಸುಣ್ಣದ ಗೆರೆ ಎಳೆಯುತ್ತೇನೆ. ಒಣ ಡಾಂಬರಿನ ಮೇಲೆ ಒಂಬತ್ತು ಹತ್ತು ಮೀಟರಿನಲ್ಲಿ ನಿಲ್ಲಬಹುದಾದ ಗಾಡಿ, ಬಹಳಷ್ಟು ಅನುಭವಿಗಳ ಕೈಯಲ್ಲಿ ಹದಿನೈದು ದಾಟಿರುತ್ತದೆ. ಪಕ್ಕದಲ್ಲಿ ನಿಂತು ನೋಡಿದರೆ ಕಾರಣ ಸ್ಪಷ್ಟ. ಎಲ್ಲಕ್ಕಿಂತ ಮೊದಲು ಎಡಗೈ ಕ್ಲಚ್ ಹಿಡಿದಿದೆ. ಬಲಗಾಲು ಪೆಡಲನ್ನು ತುಳಿದು ಹಿಂದಿನ ಚಕ್ರ ಜಾಮ್ ಆಗಿ, ಟೈರು ಕಿರುಚುತ್ತಾ ಎಳೆದುಕೊಂಡು ಬಂದಿದೆ. ನಿಜವಾಗಿ ಗಾಡಿ ನಿಲ್ಲಿಸಬೇಕಾದ ಬಲಗೈ ಬೆರಳುಗಳು ಮಾತ್ರ ಲಿವರಿನ ಮೇಲೆ ಶಾಸ್ತ್ರಕ್ಕೆ ಇಟ್ಟಂತಿವೆ.

ಇದರ ಮೂಲ ಎಲ್ಲರಿಗೂ ಗೊತ್ತು. "ಮುಂದಿನ ಬ್ರೇಕ್ ಮುಟ್ಟಬೇಡ, ಮುಗ್ಗರಿಸುತ್ತೀಯ" ಎಂದು ಅಪ್ಪನೋ ಚಿಕ್ಕಪ್ಪನೋ ಗ್ಯಾರೇಜಿನ ಅಣ್ಣನೋ ಹೇಳಿರುತ್ತಾರೆ. ಜಲ್ಲಿಕಲ್ಲಿನ ಮಣ್ಣು ರಸ್ತೆಯಲ್ಲಿ ಓಡಾಡಿದವರ ಮಟ್ಟಿಗೆ ಆ ಮಾತು ಸುಳ್ಳೂ ಅಲ್ಲ. ಡಾಂಬರಿನ ಮೇಲೆ ಮಾತ್ರ ಲೆಕ್ಕ ಬೇರೆ. ಬ್ರೇಕ್ ಹಿಡಿದಾಗ ಗಾಡಿಯ ಭಾರ ಮುಂದಕ್ಕೆ ವಾಲುತ್ತದೆ. ಹಿಂದಿನ ಚಕ್ರ ಹಗುರವಾಗಿ ಬೇಗ ಜಾರುತ್ತದೆ, ಮುಂದಿನ ಟೈರು ನೆಲಕ್ಕೆ ಒತ್ತಿಕೊಂಡು ಹಿಡಿತ ಗಳಿಸುತ್ತದೆ. ಒತ್ತಿಕೊಳ್ಳಲು ಅದಕ್ಕೆ ಸಮಯ ಕೊಡಬೇಕು, ಅಷ್ಟೇ. ಲಿವರಿನ ಸಡಿಲು ತೆಗೆದು, ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ ಸಸ್ಪೆನ್ಷನ್ ಕೊಳವೆಗಳು) ಕೆಳಗಿಳಿಯುವುದು ಮಣಿಕಟ್ಟಿಗೆ ತಿಳಿದ ಮೇಲೆ ಒತ್ತಡ ಏರಿಸಬೇಕು. ಅರ್ಧ ಸೆಕೆಂಡಿನ ಕೆಲಸ. ಅದನ್ನು ಕೈಗೆ ಹತ್ತಿಸಲು ಇಡೀ ಬೆಳಿಗ್ಗೆ ಬೇಕಾಗುತ್ತದೆ. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ಮೇಲಿನ ಎಲ್ಲ ಹೊಸ ಬೈಕ್‌ಗಳಿಗೂ ಎಬಿಎಸ್ ಕಡ್ಡಾಯವಾಗಿದೆ. ಚಕ್ರ ಜಾಮ್ ಆಗದಂತೆ ಅದು ನೋಡಿಕೊಳ್ಳುತ್ತದೆ, ಆದರೆ ಹಿಡಿಯದ ಬ್ರೇಕನ್ನು ಅದು ಹಿಡಿಯುವುದಿಲ್ಲ.

ಇದು ನಮ್ಮೂರಿನವರ ದೌರ್ಬಲ್ಯವೇನೂ ಅಲ್ಲ. ಅಮೆರಿಕದ ಲಾಸ್ ಏಂಜಲೀಸ್ ಪ್ರದೇಶದಲ್ಲಿ ಹ್ಯಾರಿ ಹರ್ಟ್ ಎಂಬ ಸಂಶೋಧಕರು 900 ಬೈಕ್ ಅಪಘಾತಗಳನ್ನು ಸ್ಥಳದಲ್ಲೇ ಪರಿಶೀಲಿಸಿ 1981ರಲ್ಲಿ ವರದಿ ಕೊಟ್ಟರು. ಅಪಘಾತಕ್ಕೀಡಾದ ಸವಾರರಲ್ಲಿ ಶೇ 92ರಷ್ಟು ಮಂದಿ ತಾವೇ ಕಲಿತವರು, ಇಲ್ಲವೇ ಮನೆಯವರಿಂದಲೋ ಗೆಳೆಯರಿಂದಲೋ ಕಲಿತವರು. ಅವರು ಮಾಡಿದ್ದೂ ಇದನ್ನೇ: ಹಿಂದಿನ ಬ್ರೇಕ್ ಅತಿಯಾಗಿ ಒತ್ತಿ ಜಾರಿದ್ದು, ಮುಂದಿನದನ್ನು ಸಾಕಷ್ಟು ಬಳಸದೇ ಇದ್ದದ್ದು.

ಇಷ್ಟಾದ ಮೇಲೆ, ಬ್ರೇಕ್ ಎಷ್ಟೇ ಚೆನ್ನಾಗಿ ಹಿಡಿದರೂ ಸಾಲದು ಎಂಬ ಲೆಕ್ಕ ಹೇಳುತ್ತೇನೆ. ವೇಗ ಇಮ್ಮಡಿಯಾದರೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟು. 40ರಲ್ಲಿ ಒಂಬತ್ತು ಮೀಟರ್ ಇದ್ದದ್ದು 80ರಲ್ಲಿ 36 ಆಗುತ್ತದೆ. ಅಪಾಯ ಕಂಡು ಬೆರಳು ಲಿವರಿಗೆ ಹೋಗುವ ಒಂದು ಸೆಕೆಂಡಿನಲ್ಲೇ ಇನ್ನೂ 22 ಮೀಟರ್ ಕಳೆದುಹೋಗಿರುತ್ತದೆ. ಈ ಲೆಕ್ಕ ಕೇಳಿದ ಮೇಲೆ ಕಣ್ಣಿನ ಪಾಠಕ್ಕೆ, ಅಂದರೆ ಅಪಾಯವನ್ನು ದೂರದಿಂದಲೇ ಕಾಣುವ ಪಾಠಕ್ಕೆ, ಯಾರೂ ತಕರಾರು ತೆಗೆಯುವುದಿಲ್ಲ.

ಕಣ್ಣಿನ ಪಾಠದ ದೊಡ್ಡ ಪರಂಪರೆ ಬ್ರಿಟನ್ನಿನದು. ಅಲ್ಲಿನ ಪೊಲೀಸರು ಹೆಂಡನ್ ತರಬೇತಿ ಶಾಲೆಯಲ್ಲಿ 1930ರ ದಶಕದಲ್ಲಿ ರೂಪಿಸಿದ ಪದ್ಧತಿಯನ್ನೇ ಬೆಳೆಸಿ ಇಂದಿಗೂ ಕಲಿಸುತ್ತಾರೆ. ಮಾಹಿತಿ, ಸ್ಥಾನ, ವೇಗ, ಗೇರ್, ಆಮೇಲೆ ಆಕ್ಸಿಲರೇಟರ್, ಇದೇ ಅನುಕ್ರಮ. 1956ರಲ್ಲಿ ಶುರುವಾದ ಅಲ್ಲಿನ ಸಂಸ್ಥೆಯೊಂದು ಸಾಮಾನ್ಯ ಚಾಲಕರಿಗೂ ಈ ಮಟ್ಟದ ಪರೀಕ್ಷೆ ನಡೆಸುತ್ತದೆ. ನಮ್ಮಲ್ಲಿ ಆರ್‌ಟಿಒ ಮೈದಾನದಲ್ಲಿ ಕಾಲೂರದೆ '8' ಸುತ್ತಿದರೆ ಸರ್ಕಾರದ ಮಟ್ಟಿಗೆ ವಿದ್ಯಾಭ್ಯಾಸ ಮುಗಿಯಿತು.

ಬ್ರಿಟನ್ನಿನಲ್ಲೂ ವಾಹನಗಳು ಎಡಕ್ಕೇ ಹೋಗುವುದರಿಂದ ಆ ಪಾಠಗಳನ್ನು ಕನ್ನಡಿಯಲ್ಲಿ ತಿರುಗಿಸಿ ನೋಡುವ ಕಷ್ಟವಿಲ್ಲ. ಆದರೂ ಅವನ್ನು ಇದ್ದ ಹಾಗೆಯೇ ನಂಬಬಾರದು. ಎಡ ತಿರುವಿನಲ್ಲಿ ರಸ್ತೆಯ ಮಧ್ಯದ ಗೆರೆಯ ಹತ್ತಿರ ಇದ್ದರೆ ತಿರುವಿನಾಚೆ ಹೆಚ್ಚು ದೂರ ಕಾಣುತ್ತದೆ ಎನ್ನುತ್ತದೆ ಆ ಪದ್ಧತಿ. ಚಾರ್ಮಾಡಿ ಘಾಟಿಯಲ್ಲಿ ಇದನ್ನು ಮಾಡಿ ನೋಡಿ! ಕೊಟ್ಟಿಗೆಹಾರದ ಕಡೆಯಿಂದ ಇಳಿಯುವ ಬಸ್ಸು ತಿರುವಿನಲ್ಲಿ ನಿಮ್ಮ ಪಾಲಿನ ರಸ್ತೆಯನ್ನೂ ಸೇರಿಸಿಕೊಂಡೇ ತಿರುಗುತ್ತದೆ; ಅದಕ್ಕೆ ಬೇರೆ ದಾರಿಯೂ ಇಲ್ಲ. ನೋಟಕ್ಕಿಂತ ಸುರಕ್ಷತೆ ಮೊದಲು ಎಂದು ಅದೇ ಪದ್ಧತಿ ಹೇಳುತ್ತದೆ, ನಾವು ಹಿಡಿದುಕೊಳ್ಳಬೇಕಾದದ್ದು ಆ ಸಾಲನ್ನು. ತಿರುವಿನಲ್ಲಿ ರಸ್ತೆಯ ಎರಡೂ ಅಂಚುಗಳು ಕೂಡಿದಂತೆ ಕಾಣುವ ಬಿಂದುವನ್ನು ನೋಡುತ್ತಾ ಹೋಗಿ. ಅದು ನಿಮ್ಮತ್ತ ಹತ್ತಿರವಾಗುತ್ತಿದ್ದರೆ ವೇಗ ಇಳಿಸಿ. ದೂರ ಸರಿಯತೊಡಗಿದರೆ ತಿರುವು ಬಿಚ್ಚಿಕೊಳ್ಳುತ್ತಿದೆ ಎಂದರ್ಥ. ಇದು ಯಾವ ದೇಶದ ಘಾಟಿಯಲ್ಲೂ ಕೈಕೊಡದ ಪಾಠ.

ಯಾವ ಪರದೇಶದ ಪಠ್ಯದಲ್ಲೂ ಸಿಗದ ಪಾಠ ಹಳೇ ಮೈಸೂರು ಸೀಮೆಯದು. ಡಿಸೆಂಬರ್, ಜನವರಿಯಲ್ಲಿ ರಾಗಿಯನ್ನೋ ಹುರುಳಿಯನ್ನೋ ರಸ್ತೆಗೆ ಹರಡಿ, ನಮ್ಮ ಚಕ್ರಗಳಿಂದಲೇ ಒಕ್ಕಣೆ ಮಾಡಿಸಿಕೊಳ್ಳುತ್ತಾರೆ. ಕಣ ಮಾಡುವ ಪದ್ಧತಿ ತಪ್ಪಿಹೋದ ಊರುಗಳಲ್ಲಿ ರೈತರನ್ನು ಬೈದು ಪ್ರಯೋಜನವಿಲ್ಲ. ಆ ಹುಲ್ಲಿನ ಮೇಲೆ ಬ್ರೇಕ್ ಹಿಡಿದರೆ ಎಬಿಎಸ್ ಕೂಡ ಹೆಚ್ಚೇನೂ ಮಾಡಲಾರದು. ಬ್ರಿಟನ್ನಿನ ಅನುಕ್ರಮ ಇಲ್ಲಿ ಚೆನ್ನಾಗಿ ಒದಗುತ್ತದೆ. ಮಾಹಿತಿ: ದೂರದಲ್ಲಿ ಡಾಂಬರಿನ ಬಣ್ಣ ಹಳದಿಗೆ ತಿರುಗಿದೆ, ರಸ್ತೆಯಂಚಿನಲ್ಲಿ ಯಾರೋ ಮೊರ ಹಿಡಿದು ನಿಂತಿದ್ದಾರೆ. ಸ್ಥಾನ: ಕಾರಿನ ಚಕ್ರಗಳು ಹುಲ್ಲು ಸರಿಸಿದ ಜಾಡು. ವೇಗ: ಹುಲ್ಲು ಶುರುವಾಗುವ ಮೊದಲೇ, ಗಾಡಿ ನೇರವಾಗಿರುವಾಗಲೇ ಪೂರ್ತಿ ಇಳಿಸಿ ಮುಗಿಸಬೇಕು. ಗೇರ್: ಎರಡನೆಯದು. ಆಮೇಲೆ ಆಕ್ಸಿಲರೇಟರ್ ಒಂದೇ ಸಮ, ಹ್ಯಾಂಡಲ್ ಹಗುರ, ಹುಲ್ಲು ದಾಟುವವರೆಗೆ ಬ್ರೇಕ್ ಇಲ್ಲ, ವಾಲುವುದಿಲ್ಲ.

ಚೆನ್ನೈ ಬಳಿಯ ಇರುಂಗಾಟುಕೋಟೈ ಅಥವಾ ಕೊಯಮತ್ತೂರಿನ ಕರಿ ಸ್ಪೀಡ್‌ವೇಯಂಥ ರೇಸ್ ಟ್ರ್ಯಾಕಿಗೆ ಹೋಗಿ ಕಲಿತರೆ ಹೇಗೆ ಎಂದೂ ಕೇಳುತ್ತಾರೆ. ಹೋಗಿ, ಹಣವಿದ್ದರೆ. ದೇಹದ ಭಂಗಿ, ತಿರುವಿನಲ್ಲಿ ನೋಟ, ಆಕ್ಸಿಲರೇಟರಿನ ನಾಜೂಕು ಅಲ್ಲಿ ಕಲಿತಷ್ಟು ಬೇಗ ಬೇರೆಲ್ಲೂ ಬಾರದು. ಎದುರಿನಿಂದ ಟ್ರ್ಯಾಕ್ಟರ್ ಬರುವುದಿಲ್ಲ ಎಂಬ ನಂಬಿಕೆಯನ್ನು ಮಾತ್ರ ಅಲ್ಲೇ ಬಿಟ್ಟು ಬನ್ನಿ.

ಕೊನೆಗೆ, ಇದಕ್ಕೆಲ್ಲ ದೊಡ್ಡ ಬೈಕ್ ಬೇಕೆ ಎಂಬ ಉಪಪ್ರಶ್ನೆ. ಬೇಡ. ಹಾಲು ತರಲು ಹೋಗುವ 100 ಸಿಸಿ ಗಾಡಿಯಲ್ಲೇ ಬನ್ನಿ, ದಿನಾ ಓಡಿಸುವುದು ಅದನ್ನೇ ತಾನೆ? ಬರುವ ಮುಂಚೆ ಟೈರಿನ ಗಾಳಿ ನೋಡಿಸಿಕೊಳ್ಳಿ. ಎಷ್ಟಿರಬೇಕೆಂದು ಚೈನ್ ಕವರಿನ ಮೇಲೋ ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮ್ ಮೇಲೋ ಅಂಟಿಸಿರುತ್ತಾರೆ. ಅಂಟಿಸಿದ್ದು ಎಲ್ಲಿದೆ ಎಂದು ಕೇಳಿದರೆ ತಟ್ಟನೆ ತೋರಿಸುವ ಇಪ್ಪತ್ತು ವರ್ಷದ ಅನುಭವಿಗಳು ತೀರಾ ಕಡಿಮೆ.