ಎಂ.ಎ. ಕಿರುಪ್ರಬಂಧ: ಒಂದು ತಾಲ್ಲೂಕಿನ ವೀರಗಲ್ಲುಗಳನ್ನು ಹಿಡಿದು ಹೊರಟರೆ

ನಾಲ್ಕನೇ ಸೆಮಿಸ್ಟರ್ ಶುರುವಾಗುತ್ತಿದ್ದಂತೆ ಕನ್ನಡ ಮತ್ತು ಇತಿಹಾಸ ವಿಭಾಗಗಳಲ್ಲಿ ಹರಿದಾಡುವ ಶೀರ್ಷಿಕೆಗಳು ಹೀಗಿರುತ್ತವೆ: ‘ಕರ್ನಾಟಕದ ವೀರಗಲ್ಲುಗಳು: ಒಂದು ಅಧ್ಯಯನ’, ‘ಶಾಸನಗಳಲ್ಲಿ ಮಹಿಳೆ’, ‘ಹೊಯ್ಸಳರ ಕಾಲದ ಸಮಾಜ’. ಇವೆಲ್ಲ ಒಬ್ಬರು ಆಯುಷ್ಯವಿಡೀ ಮಾಡಬಹುದಾದ ಕೆಲಸಗಳು. ಕೈಯಲ್ಲಿರುವುದು ಹದಿನಾರು ವಾರ, ಬರೆಯಬೇಕಾದ್ದು ಅರವತ್ತರಿಂದ ಎಂಬತ್ತು ಪುಟ. ಇಂಥ ಶೀರ್ಷಿಕೆ ಇಟ್ಟುಕೊಂಡವರು ಕೊನೆಗೆ ಹಿಂದಿನ ಪುಸ್ತಕಗಳ ಸಾರಾಂಶ ಬರೆದು ಮುಗಿಸುತ್ತಾರೆ. ಸೋಮಾರಿತನ ಅದಕ್ಕೆ ಕಾರಣವಲ್ಲ. ಅಷ್ಟು ದೊಡ್ಡ ವಿಷಯದಲ್ಲಿ ಮೂಲ ಆಕರವನ್ನು ಮುಟ್ಟಲು ಸಮಯವೇ ಸಿಗುವುದಿಲ್ಲ.

ಆದ್ದರಿಂದ ವಿಷಯಕ್ಕಿಂತ ಮೊದಲು ಆಕರ ಆರಿಸಿಕೊಳ್ಳಿ. ಎಣಿಸಲು ಬರುವಂಥದ್ದು, ಸೆಮಿಸ್ಟರಿನೊಳಗೆ ಪೂರ್ತಿ ಓದಿ ಮುಗಿಸಬಹುದಾದದ್ದು ಇರಲಿ. ಶಿವಮೊಗ್ಗ ಸೀಮೆಯ ವೀರಗಲ್ಲುಗಳು, ಅಂದರೆ ಹೋರಾಡಿ ಮಡಿದವರ ನೆನಪಿಗೆ ನಿಲ್ಲಿಸಿದ ಕಲ್ಲುಗಳು, ಇದಕ್ಕೆ ಒಳ್ಳೆಯ ಉದಾಹರಣೆ. ಬಿ. ಎಲ್. ರೈಸ್ ಅವರ ಶಾಸನ ಸಂಪುಟಗಳ ಮಾಲೆ ಎಪಿಗ್ರಾಫಿಯಾ ಕರ್ನಾಟಿಕಾದ 7 ಮತ್ತು 8ನೇ ಸಂಪುಟಗಳು ಹಳೆಯ ಶಿವಮೊಗ್ಗ ಜಿಲ್ಲೆಯವು. ಏಳರಲ್ಲಿ ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ. ಎಂಟರಲ್ಲಿ ಸೊರಬ, ಸಾಗರ, ನಗರ, ತೀರ್ಥಹಳ್ಳಿ. ಸೊರಬ ಒಂದರಲ್ಲೇ ನೂರಾರು ಶಾಸನಗಳಿವೆ, ಅವುಗಳಲ್ಲಿ ವೀರಗಲ್ಲುಗಳು ಬಹಳ.

ಮೊದಲ ಎರಡು ವಾರ ಬರವಣಿಗೆಯ ಯೋಚನೆಯೇ ಬೇಡ. ಎಕ್ಸೆಲ್ ತೆರೆದು ಕಾಲಂ ಹಾಕಿ: ಸಂಪುಟ ಮತ್ತು ಶಾಸನ ಸಂಖ್ಯೆ, ಊರು, ಕಲ್ಲು ಇರುವ ಜಾಗ, ಕಾಲ, ಅರಸ, ವೀರನ ಹೆಸರು, ಅವನ ಸ್ಥಾನ (ಊರ ಮುಖ್ಯಸ್ಥನಾದ ಗವುಂಡ, ಸೇವಕ, ತುರು ಕಾಯುವವ), ಹೋರಾಟದ ಕಾರಣ, ಎದುರಾಳಿ, ಕಲ್ಲು ನಿಲ್ಲಿಸಿದವರು, ಕೊಟ್ಟ ಭೂಮಿ. ಕಾರಣದ ಕಾಲಂನಲ್ಲಿ ಶಾಸನದ ಪದವನ್ನೇ ಬರೆಯಿರಿ: ತುರುಗೊಳ್ (ದನ ಹಿಡಿದೊಯ್ಯುವುದು), ಊರಳಿವು (ಊರಿನ ನಾಶ), ಪೆಣ್ಬುಯ್ಯಲ್ (ಹೆಂಗಸರ ಮೊರೆ). ‘ಯುದ್ಧ’ ಎಂದು ಒಂದೇ ಪದದಲ್ಲಿ ಮುಗಿಸಿದರೆ ದನ ಬಿಡಿಸಲು ಹೋಗಿ ಸತ್ತವನೂ ಅರಸನ ದಂಡಿನಲ್ಲಿ ಸತ್ತವನೂ ಒಂದೇ ಆಗಿಬಿಡುತ್ತಾರೆ. ಕೊಡುಗೆಯ ಕಾಲಂನಲ್ಲೂ ಹಾಗೆಯೇ. ನೆತ್ತರುಗೊಡಗೆ, ಬಾಳ್ಗಚ್ಚು (ವೀರನ ಶೌರ್ಯಕ್ಕಾಗಿ ಕೊಟ್ಟ ಭೂಮಿಯ ಬಗೆಗಳು) ಎಂಬ ಪದಗಳನ್ನು ‘ದಾನ’ ಎಂದು ಸಪಾಟು ಮಾಡಬೇಡಿ.

ಇಪ್ಪತ್ತು ಮೂವತ್ತು ಸಾಲು ತುಂಬುವಷ್ಟರಲ್ಲಿ ಪ್ರಶ್ನೆಗಳು ತಾವಾಗಿ ಏಳುತ್ತವೆ. ಕಲ್ಲು ನಿಲ್ಲಿಸಿದವರು ಹೆಂಡತಿಯೋ, ತಮ್ಮನೋ, ಊರವರೋ? ತುರು ಹಿಡಿಯಲು ಬಂದವರು ಪಕ್ಕದ ಊರಿನವರೋ, ದೂರದ ದಂಡೋ? ಭೂಮಿ ಸಿಕ್ಕಿದ್ದು ಗವುಂಡರ ಮನೆತನಗಳಿಗೆ ಮಾತ್ರವೋ? ಇವುಗಳಲ್ಲಿ ಒಂದನ್ನು ಹಿಡಿದರೆ ಶೀರ್ಷಿಕೆ ಹೀಗಾಗುತ್ತದೆ: ‘ಸೊರಬ ತಾಲ್ಲೂಕಿನ ತುರುಗೊಳ್ ಶಾಸನಗಳಲ್ಲಿ ಕಲ್ಲು ನಿಲ್ಲಿಸಿದವರು: 10ರಿಂದ 13ನೇ ಶತಮಾನ’. ಕೇಳಲು ಚಿಕ್ಕದೆನಿಸಬಹುದು, ಆದರೆ ಇದಕ್ಕೆ ಉತ್ತರ ಇದೆ, ಆ ಉತ್ತರ ನಿಮ್ಮ ಪಟ್ಟಿಯಲ್ಲೇ ಇದೆ. ಮೂವತ್ತರಿಂದ ಐವತ್ತು ಶಾಸನ ಸಾಕು. ಹತ್ತೇ ಸಿಕ್ಕಿದರೆ ಪಕ್ಕದ ತಾಲ್ಲೂಕು ಸೇರಿಸಿ; ನೂರು ದಾಟಿದರೆ ಕಾಲಾವಧಿ ಕತ್ತರಿಸಿ.

ತಾಲ್ಲೂಕು ಎಂಬ ಗಡಿಯ ಬಗ್ಗೆ ಎಚ್ಚರವಿರಲಿ. ರೈಸ್ ಅವರ ಕಾಲದ ಹೊನ್ನಾಳಿ, ಚನ್ನಗಿರಿಗಳು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋದವು. ‘ನಗರ’ ಎಂದು ಅಚ್ಚಾಗಿರುವುದು ಇಂದಿನ ಹೊಸನಗರದ ಭಾಗ. ಯಾವ ಗಡಿ ಬಳಸುತ್ತೀರಿ ಎಂದು ಪ್ರಸ್ತಾವನೆಯಲ್ಲಿ ಒಂದು ಸಾಲು ಬರೆದರೆ ಮುಗಿಯಿತು. ಅದಕ್ಕಿಂತ ಒಳ್ಳೆಯದು ಶಾಸನಗಳೇ ಹೇಳುವ ನಾಡುಗಳನ್ನು, ಅಂದರೆ ಅಂದಿನ ಆಡಳಿತ ವಿಭಾಗಗಳನ್ನು, ಹಿಡಿಯುವುದು. ಬನವಾಸಿ 12000ದ ಒಳಗಿನ ನಾಗರಖಂಡ 70, ಜಿಡ್ಡುಳಿಗೆ 70, ಎಡೆನಾಡು 70 (ಸಂಖ್ಯೆಗಳು ನಾಡಿನ ಹೆಸರಿನ ಭಾಗವೇ) ಇವು ಆ ಜನ ತಾವೇ ಹೇಳಿಕೊಂಡ ಗಡಿಗಳು. ಮಾರ್ಗದರ್ಶಕರು ಒಪ್ಪಿದರೆ ಇದನ್ನೇ ಆರಿಸಿ.

ಕಾಲ ಗುರುತಿಸುವಾಗ ಆಗುವ ತಪ್ಪುಗಳು ಮೌಖಿಕ ಪರೀಕ್ಷೆಯಲ್ಲಿ ಸುಲಭವಾಗಿ ಸಿಕ್ಕಿಬೀಳುತ್ತವೆ. ಶಕವರ್ಷಕ್ಕೆ 78 ಕೂಡಿಸುವುದು ಎಲ್ಲರಿಗೂ ಗೊತ್ತು: ಬೇಲೂರಿನ ಪ್ರತಿಷ್ಠಾ ಶಾಸನದ ಶಕ 1039, ಹೇವಿಳಂಬಿ ಸಂವತ್ಸರ ಎಂದರೆ 1117. ಆದರೆ ಶಕವರ್ಷ ಶುರುವಾಗುವುದು ಚೈತ್ರದಲ್ಲಿ. ಮಾಘ, ಫಾಲ್ಗುಣದ ತಿಥಿ ಇದ್ದರೆ ಇಂಗ್ಲಿಷ್ ವರ್ಷ ಬದಲಾಗಿರುತ್ತದೆ, ಆಗ 79 ಕೂಡಿಸಬೇಕು. ಕೆಲವು ಶಾಸನಗಳು ಗತವರ್ಷ (ಮುಗಿದ ವರ್ಷ) ಹೇಳುತ್ತವೆ, ಕೆಲವು ವರ್ತಮಾನ ವರ್ಷ (ನಡೆಯುತ್ತಿರುವ ವರ್ಷ). ಸಂವತ್ಸರದ ಹೆಸರಿನೊಂದಿಗೆ ತಾಳೆ ನೋಡದೆ ವರ್ಷ ಬರೆಯಬೇಡಿ. ಈ ಸೀಮೆಯಲ್ಲಿ ಇನ್ನೊಂದು ತೊಡಕು ಚಾಳುಕ್ಯ ವಿಕ್ರಮ ವರ್ಷ. ಆರನೇ ವಿಕ್ರಮಾದಿತ್ಯ 1076ರಲ್ಲಿ ಶುರುಮಾಡಿದ ಎಣಿಕೆ ಅದು. ‘ವಿಕ್ರಮ ವರ್ಷದ 20ನೆಯ’ ಎಂದಿದ್ದರೆ 1075 ಕೂಡಿಸಿ, 1095 ಎಂದಾಗುತ್ತದೆ. ಇದನ್ನು ಉತ್ತರ ಭಾರತದ ವಿಕ್ರಮ ಶಕೆ ಎಂದು ತಿಳಿದರೆ ಸಾವಿರ ವರ್ಷ ಹಿಂದೆ ಹೋಗಿಬಿಡುತ್ತೀರಿ. ತಿಥಿ, ವಾರ ಎರಡೂ ಇದ್ದಲ್ಲಿ ಸ್ವಾಮಿಕಣ್ಣು ಪಿಳ್ಳೈ ಅವರ ಪಂಚಾಂಗ ಕೋಷ್ಟಕಗಳಲ್ಲಿ ನೋಡಿ ಖಚಿತಪಡಿಸಿಕೊಳ್ಳಬಹುದು.

ಅಡಿಟಿಪ್ಪಣಿಯಲ್ಲಿ ಸಂಪುಟದ ಸಂಖ್ಯೆಯೊಂದೇ ಸಾಲದು. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ (ಎ.ಕ.) ಪರಿಷ್ಕೃತ ಸಂಪುಟಗಳ ಕ್ರಮವೇ ಬೇರೆ. ಹಳೆಯ 9ನೇ ಸಂಪುಟ ಬೆಂಗಳೂರು ಜಿಲ್ಲೆಯದು, ಪರಿಷ್ಕೃತ 9 ಬೇಲೂರಿನದು. ‘ಎ.ಕ. 9’ ಎಂದಷ್ಟೇ ಬರೆದರೆ ಓದುಗ ಯಾವ ಊರಿಗೆ ಹೋಗಬೇಕು? ಆವೃತ್ತಿ, ತಾಲ್ಲೂಕಿನ ಹೆಸರು, ಶಾಸನ ಸಂಖ್ಯೆ ಮೂರೂ ಇರಲಿ. ರೈಸ್ ಅವರ ಇಂಗ್ಲಿಷ್ ಅನುವಾದದಿಂದ ಮಾತ್ರ ಕನ್ನಡಕ್ಕೆ ತಂದು ಬರೆಯುವುದು ಇನ್ನೂ ದೊಡ್ಡ ತಪ್ಪು. ಶಾಸನದ ಕನ್ನಡ ಪಾಠ ಅದೇ ಸಂಪುಟದಲ್ಲಿದೆ, ದಯವಿಟ್ಟು ಅದನ್ನೇ ಓದಿ. ಮೊದಮೊದಲು ಒಂದು ಶಾಸನಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಹದಿನೈದು ಆದ ಮೇಲೆ ಸೂತ್ರವಾಕ್ಯಗಳು ಪರಿಚಯವಾಗಿ ವೇಗ ಬರುತ್ತದೆ.

ಕ್ಷೇತ್ರಕಾರ್ಯಕ್ಕೆ ಒಂದು ವಾರ ಮೀಸಲಿಡಿ, ಮಳೆಗಾಲ ಬೇಡ. ನೂರು ವರ್ಷದ ಹಿಂದೆ ಹೊಲದಲ್ಲಿದ್ದ ಕಲ್ಲು ಇಂದು ದೇವಸ್ಥಾನದ ಅಂಗಳದಲ್ಲಿರಬಹುದು, ಕೆರೆ ಏರಿಯಲ್ಲಿ ಹೂತಿರಬಹುದು, ಇಲ್ಲದೆಯೂ ಇರಬಹುದು. ಆ ಮಾಹಿತಿಯೇ ನಿಮ್ಮ ಪ್ರಬಂಧದ ಹೊಸ ಸಂಗತಿ. ಅಕ್ಷರ ಕಾಣಲೆಂದು ಸೀಮೆಸುಣ್ಣ, ಹಿಟ್ಟು ಉಜ್ಜಬೇಡಿ. ಮುಂಜಾನೆ ಅಥವಾ ಸಂಜೆಯ ಓರೆ ಬಿಸಿಲು ಸಾಕು. ನೆರಳಿದ್ದಲ್ಲಿ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ತಾಗಿಸಿದಂತೆ ಹಿಡಿದರೆ ಅಕ್ಷರ ಎದ್ದು ಕಾಣುತ್ತವೆ. ಪ್ರತಿ ಕಲ್ಲಿಗೆ ನಾಲ್ಕು ಬಗೆಯ ಫೋಟೊ: ಸುತ್ತಲಿನ ಜಾಗ, ಇಡೀ ಕಲ್ಲು (ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು), ಪ್ರತಿ ಪಟ್ಟಿಕೆ, ಬರಹದ ಸಾಲುಗಳು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ಲಿಂಗದ ಮುಂದೆ ಅವನು ಕುಳಿತಿರುವುದು ಸಾಮಾನ್ಯ ಕ್ರಮ. ಇದರಿಂದ ಬೇರೆಯಾದದ್ದು ಕಂಡರೆ ಅಲ್ಲಿಯೇ ಕುಳಿತು ಬರೆದುಕೊಳ್ಳಿ. ಪೂಜೆ ನಡೆಯುವ ಕಲ್ಲಾದರೆ ಮೊದಲು ಊರವರನ್ನು ಕೇಳಿ, ಚಪ್ಪಲಿ ಬಿಟ್ಟು ಹೋಗಿ.

ಬರೆಯುವಾಗ ಶುರುಮಾಡಬೇಕಾದದ್ದು ವಿಶ್ಲೇಷಣೆಯ ಅಧ್ಯಾಯದಿಂದ, ಪ್ರಸ್ತಾವನೆ ಕೊನೆಗೆ. ತಾಲ್ಲೂಕಿನ ಮಳೆ, ಬೆಳೆ, ಜನಸಂಖ್ಯೆ, ಆಮೇಲೆ ಕದಂಬರಿಂದ ಕೆಳದಿಯವರೆಗಿನ ರಾಜಕೀಯ ಇತಿಹಾಸ ಎಂದು ಇಪ್ಪತ್ತೈದು ಪುಟ ತುಂಬಿ, ಮುಖ್ಯ ವಿಷಯಕ್ಕೆ ಹದಿನೈದು ಪುಟ ಉಳಿಸಿಕೊಳ್ಳುವುದು ನಮ್ಮ ಕಿರುಪ್ರಬಂಧಗಳ ಹಳೆಯ ರೋಗ. ಹಿನ್ನೆಲೆಗೆ ಎಂಟು ಪುಟ ಧಾರಾಳ. ಅದರಲ್ಲೂ ಮುಂದೆ ಬಳಸದ ಸಂಗತಿ ಬೇಡ. ವಿಶ್ಲೇಷಣೆಗೆ ಕನಿಷ್ಠ ಮೂವತ್ತೈದು, ಪಟ್ಟಿ ಮತ್ತು ಚಿತ್ರಗಳು ಅನುಬಂಧಕ್ಕೆ.

ಟೈಪಿಂಗ್ ಯೂನಿಕೋಡ್‌ನಲ್ಲೇ ಇರಲಿ. ಹಳೆಯ ನುಡಿ ಫಾಂಟಿನ ಕಡತದಲ್ಲಿ ಒಳಗಿರುವುದು ಇಂಗ್ಲಿಷ್ ಸಂಕೇತಗಳು. ಅಲ್ಲಿ ಹುಡುಕಾಟ, ಅಕಾರಾದಿ ಜೋಡಣೆ ಆಗುವುದಿಲ್ಲ, ಕೊನೆಗೆ ಪರಿವರ್ತಿಸಲು ಹೊರಟರೆ ಅರ್ಕಾವೊತ್ತು ಜಾಗ ಬದಲಿಸುತ್ತದೆ, ನಡುವಿನ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡವಾಗುತ್ತವೆ. ಹಳಗನ್ನಡದ ಶಕಟರೇಫ ‘ಱ’ ಮತ್ತು ‘ೞ’ ಅಕ್ಷರಗಳು ನಿಮ್ಮ ಫಾಂಟಿನಲ್ಲಿ ಮೂಡುತ್ತವೆಯೇ ಎಂದು ಮೊದಲ ದಿನವೇ ನೋಡಿ. ಪ್ರಿಂಟ್ ಅಂಗಡಿಯಲ್ಲಿ ಅವು ಚೌಕಗಳಾಗಿ ಬರುವುದುಂಟು. ಪಿಡಿಎಫ್ ಮಾಡಿಯೇ ಒಯ್ಯಿರಿ.

ಕೃತಿಚೌರ್ಯದ ಬಗ್ಗೆ ಯುಜಿಸಿಯ 2018ರ ನಿಯಮ ಸ್ನಾತಕೋತ್ತರ ಪ್ರಬಂಧಕ್ಕೂ ಅನ್ವಯಿಸುತ್ತದೆ. ಶೇ. 10ರವರೆಗಿನ ಸಾಮ್ಯಕ್ಕೆ ದಂಡವಿಲ್ಲ. 10ರಿಂದ 40 ಇದ್ದರೆ ಆರು ತಿಂಗಳೊಳಗೆ ತಿದ್ದಿ ಮತ್ತೆ ಸಲ್ಲಿಸಬೇಕು. 40ರಿಂದ 60 ಆದರೆ ಒಂದು ವರ್ಷ ಸಲ್ಲಿಸುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ‘ಜಿತೇನ ಲಭ್ಯತೇ ಲಕ್ಷ್ಮೀ’ (ಗೆದ್ದವನಿಗೆ ಸಂಪತ್ತು) ಎಂಬಂಥ ಶ್ಲೋಕ ಎಷ್ಟೋ ವೀರಗಲ್ಲುಗಳಲ್ಲಿ ಇರುವುದರಿಂದ ತಂತ್ರಾಂಶ ಅದನ್ನೂ ಹಿಡಿದು ತೋರಿಸಬಹುದು. ಆಕರ ಹೇಳಿ ಉದ್ಧರಣ ಚಿಹ್ನೆಯೊಳಗೆ ಇಟ್ಟ ಭಾಗವನ್ನು ಲೆಕ್ಕದಿಂದ ಬಿಡಲು ನಿಯಮದಲ್ಲೇ ಅವಕಾಶವಿದೆ, ಪರೀಕ್ಷೆ ಮಾಡಿಸುವಾಗ ಕೇಳಿ.

ಬೈಂಡಿಂಗ್ ಆದ ಪ್ರತಿಗಳ ಜೊತೆಗೆ ಆ ಎಕ್ಸೆಲ್ ಕಡತವನ್ನೂ ಫೋಟೊಗಳನ್ನೂ ವಿಭಾಗದ ಗ್ರಂಥಾಲಯಕ್ಕೆ ಕೊಡಿ. ಮುಂದಿನ ವರ್ಷ ಸಾಗರವನ್ನೋ ಶಿಕಾರಿಪುರವನ್ನೋ ಆರಿಸಿಕೊಳ್ಳುವ ವಿದ್ಯಾರ್ಥಿ ಅದೇ ಕಾಲಂಗಳಲ್ಲಿ ತುಂಬಿಕೊಂಡು ಹೋದರೆ, ಎರಡು ತಾಲ್ಲೂಕುಗಳನ್ನು ಮೊದಲ ಸಲ ಪಕ್ಕಪಕ್ಕ ಇಟ್ಟು ನೋಡಬಹುದು.