ಕೊನೆಯಿಂದ ಶುರುವಾದ ಪಾಠ

ನನ್ನ ಮಗನಿಗೆ ಆಟಿಸಂ ಇದೆ. ಈಗ 9 ವರ್ಷ. ಹೋದ ವಾರ ಸ್ನಾನ ಮುಗಿಸಿ ಬಂದವನು ತಾನೇ ಚಡ್ಡಿ ಹಾಕಿಕೊಂಡ. ನಾನು ಬಾಗಿಲಲ್ಲೇ ನಿಂತುಬಿಟ್ಟೆ.

ಇದಕ್ಕೆ ನಾಲ್ಕು ತಿಂಗಳು ಹಿಡಿಯಿತು. ಮೊದಮೊದಲು ಎಲ್ಲರಂತೆ ಹೇಳಿಕೊಡುತ್ತಿದ್ದೆ: ಕೈಯಲ್ಲಿ ಹಿಡಿ, ಕಾಲು ತೂರಿಸು. ಅಲ್ಲೇ ಅಳು. ಥೆರಪಿಸ್ಟ್ ಮೇಡಂ ಪಾಠವನ್ನೇ ತಿರುಗಿಸಿದರು. ಕೆಲಸವನ್ನು ಆರು ಹೆಜ್ಜೆ ಮಾಡಿ, ಐದು ನಿಮ್ಮದು, ತೊಡೆಯಿಂದ ಸೊಂಟಕ್ಕೆ ಎಳೆಯುವುದು ಮಾತ್ರ ಅವನದು ಅಂದರು. ಇದಕ್ಕೆ ಬ್ಯಾಕ್‌ವರ್ಡ್ ಚೈನಿಂಗ್ ಅನ್ನುತ್ತಾರೆ. ಪ್ರತಿ ಸಲವೂ ಕೆಲಸ ಮುಗಿಸಿದವನು ಅವನೇ. ಮುಗಿದ ತಕ್ಷಣ ಒಂದು ಚೂರು ಕೋಡುಬಳೆ. ಆ ಹೆಜ್ಜೆ ರೂಢಿಯಾದ ಮೇಲೆ ಅದರ ಹಿಂದಿನದು. ಅವನ ಕೈ ಮೇಲಿದ್ದ ನನ್ನ ಕೈ ಮೊಣಕೈಗೆ ಸರಿಯಿತು. ಆಮೇಲೆ ಬೆರಳು ತೋರಿಸಿದರೆ ಸಾಕಾಯಿತು. ಕೊನೆಗೆ ಅದೂ ಬೇಡವಾಯಿತು.

ಇದು ಅಪ್ಲೈಡ್ ಬಿಹೇವಿಯರ್ ಅನಾಲಿಸಿಸ್, ಅಂದರೆ ನಡವಳಿಕೆಯನ್ನು ಗಮನಿಸಿ ಹೆಜ್ಜೆ ಹೆಜ್ಜೆಯಾಗಿ ಕಲಿಸುವ ಪದ್ಧತಿಯ ಒಂದು ಪಾಠ. ಆ ಹೆಸರು ಕೇಳಿದರೇ ನನಗೆ ಭಯವಿತ್ತು. 1960ರ ದಶಕದಲ್ಲಿ ಈ ಪದ್ಧತಿಯನ್ನು ಆಟಿಸಂ ಇರುವ ಮಕ್ಕಳಿಗೆ ಬಳಸಿದ ಅಮೆರಿಕದ ಮನಶ್ಶಾಸ್ತ್ರಜ್ಞ ಲೊವಾಸ್ ಆ ಮಕ್ಕಳ ಮೇಲೆ ಏಟು, ವಿದ್ಯುತ್ ಶಾಕ್ ಕೂಡ ಬಳಸಿದ್ದರು. ನಾವು ಮೊದಲು ಹೋದ ಕಡೆಯೂ, ಇವನು ಕೈ ಬೀಸಿದರೆ ಬಿಗಿಯಾಗಿ ಹಿಡಿದು ಕೂರಿಸುತ್ತಿದ್ದರು. ಎರಡೇ ವಾರಕ್ಕೆ ಬಿಟ್ಟೆವು. ಕೈ ಬೀಸಿದರೆ ಯಾರಿಗೂ ತೊಂದರೆಯಿಲ್ಲ, ಅಲ್ವಾ? ಅದು ಅವನ ಖುಷಿ.

ಈಗಿನ ಮೇಡಂ ಕೇಳುವುದೇ ಬೇರೆ. ಕಿರುಚುವ ಮುಂಚೆ ಏನಾಯಿತು? ಆಮೇಲೆ ಏನಾಯಿತು? ಒಂದು ವಾರ ನೋಟ್‌ಬುಕ್ಕಲ್ಲಿ ಬರೆದಿಟ್ಟೆ. 11ರಲ್ಲಿ 8 ಸಲ ಮಿಕ್ಸಿ ಸದ್ದು! ಈಗ ಅವನು ಕಿರುಚುವುದಿಲ್ಲ, "ಸಾಕು" ಅನ್ನುವ ಚಿತ್ರದ ಕಾರ್ಡ್ ತಂದು ಕೊಡುತ್ತಾನೆ. ನಾನು ತಕ್ಷಣ ಮಿಕ್ಸಿ ನಿಲ್ಲಿಸುತ್ತೇನೆ. ಚಟ್ನಿ ತರಿತರಿಯಾಗಿದ್ದರೂ ಸರಿ.