ಮಾವ ಹೇಳುತ್ತಿದ್ದ ಅಣೆಕಟ್ಟೆಗೆ

ಹಿರೇಭಾಸ್ಕರ ಅಣೆಕಟ್ಟೆಯನ್ನು ನೋಡಲು ಮಳೆ ಕೈಕೊಟ್ಟ ವರ್ಷದ ಬೇಸಿಗೆಯೇ ಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಅದರ ಹಿನ್ನೀರಿನಲ್ಲಿ ಮುಳುಗಿದ ಕಟ್ಟೆಯಿದು. ಶರಾವತಿ ಚೆನ್ನಾಗಿ ಇಳಿದಾಗ ಮಾತ್ರ ಕಣ್ಣಿಗೆ ಬೀಳುತ್ತದೆ. ಸುತ್ತಲಿನ ಜನ ಮಡೇನೂರು ಡ್ಯಾಮ್ ಎನ್ನುತ್ತಾರೆ. ಸಾಗರದಿಂದ ಹೊಳೆಬಾಗಿಲಿನ ಕಡೆಗೆ ಹೊರಟ ಕಾರಿನಲ್ಲಿ ಅತ್ತೆ, ಭಾವ ಮತ್ತು ನಾನು ಇದ್ದೆವು. ಮಾವ ತೀರಿಕೊಂಡ ಮೇಲೆ ಬಂದ ಮೊದಲ ಬೇಸಿಗೆ.

ಮಾವ ವಿದ್ಯುತ್ ಮಂಡಳಿಯಲ್ಲಿ ಎಂಜಿನಿಯರ್ ಆಗಿದ್ದರು. ಆದರೆ ಅವರ ನಿಜವಾದ ಕಚೇರಿ ಇದ್ದದ್ದು ಮನೆಯ ಹಿಂದಿನ ಕೊಟ್ಟಿಗೆಯ ಅಟ್ಟದ ಮೇಲೆ. ಅಲ್ಲಿ ಸೈಕಲ್ ಡೈನಮೋ, ಕೆಟ್ಟ ರೇಡಿಯೊ, ಕತ್ತರಿಸಿದ ತಗಡು, ಟ್ಯೂಬಿನ ತುಂಡುಗಳು, ಬೆಸುಗೆಯ ವಾಸನೆ. ಗುಡ್ಡದಿಂದ ತಾನಾಗಿ ಇಳಿದು ಬರುವ ಅಬ್ಬಿ ನೀರಿನ ಕೊಳವೆಗೆ ಪುಟ್ಟ ಚಕ್ರ ಜೋಡಿಸಿ, ಕರೆಂಟು ಹೋದ ಮಳೆಗಾಲದ ರಾತ್ರಿಗಳಲ್ಲಿ ಅಡುಗೆಮನೆಗೆ ಒಂದು ಬಲ್ಬು ಉರಿಸಿದ್ದರು. ಯಾವುದೇ ಯಂತ್ರವನ್ನು ಮೆಚ್ಚುವ ಮುನ್ನ ಅವರು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಇದನ್ನು ಕಾಯಲು ಯಾರಾದರೂ ಎದ್ದಿರಬೇಕೇ?" ಎದ್ದಿರಬೇಕು ಎಂದಾದರೆ ಅದು ಅವರ ಲೆಕ್ಕದಲ್ಲಿ ಇನ್ನೂ ಮುಗಿಯದ ಕೆಲಸ.

ರಸ್ತೆ ಬಿಟ್ಟು ನಡೆಯತೊಡಗಿದೆವು. ಜಲಾಶಯದ ತಳ ಬಿರುಕು ಬಿಟ್ಟಿತ್ತು. ಎಂದೋ ಸತ್ತ ಮರಗಳ ಬೊಡ್ಡೆಗಳು ಕಪ್ಪಗೆ ನಿಂತಿದ್ದವು. ಅತ್ತೆ ಕೊಡೆಯನ್ನು ಊರುಗೋಲಿನಂತೆ ಹಿಡಿದು ನಮಗಿಂತ ಮುಂದೆ ಹೋಗುತ್ತಿದ್ದರು. ಅವರ ತವರಿನ ಗದ್ದೆಯೂ ಈ ಮುಳುಗಡೆಯಲ್ಲಿ ಹೋಗಿದೆ. "ನಿನ್ನ ಮಾವ ಈ ನೀರಿನ ಕರೆಂಟಿನ ಬಗ್ಗೆ ಎಷ್ಟು ಮಾತಾಡಿದರೂ ನನ್ನ ಅಪ್ಪನ ಎದುರು ಒಂದು ದಿನವೂ ಬಾಯಿ ಬಿಡಲಿಲ್ಲ ಕೂಸೇ" ಎಂದರು. ಮಾವನ ಮೇಲಿನ ನನ್ನ ಗೌರವ ಆ ಮಾತಿನಿಂದ ಇನ್ನಷ್ಟು ಹೆಚ್ಚಿತು.

ಕಟ್ಟೆಯ ಕಲ್ಲುಗೋಡೆ ಇಂದಿಗೂ ಗಟ್ಟಿಯಾಗಿದೆ. ಜೋಗದ ವಿದ್ಯುದಾಗಾರ 1948ರಲ್ಲಿ ಶುರುವಾದಾಗ ಅದಕ್ಕೆ ಬೇಸಿಗೆಯಲ್ಲೂ ನೀರುಣಿಸಲೆಂದು ಕಟ್ಟಿದ್ದು ಇದನ್ನೇ. ಮಾವ ಬಾಯಿ ತುಂಬ ಹೊಗಳುತ್ತಿದ್ದುದು ಮಾತ್ರ ಈ ಗೋಡೆಯನ್ನಲ್ಲ, ತುಂಬಿದ ಜಲಾಶಯದ ಹೆಚ್ಚುವರಿ ನೀರನ್ನು ತಾವಾಗಿ ಹೊರಹಾಕುವ ಕೊಳವೆಗಳನ್ನು, ಅಂದರೆ ಇದರ ಸೈಫನ್ನುಗಳನ್ನು. ಮೈಸೂರು ಸಂಸ್ಥಾನದ ಎಂಜಿನಿಯರ್ ವಿ. ಗಣೇಶ ಅಯ್ಯರ್ ರೂಪಿಸಿದ ವಿನ್ಯಾಸ. ಅಂಥವು ಇಲ್ಲಿ 11 ಇವೆ. ಒಂದೊಂದರ ವ್ಯಾಸ 18 ಅಡಿ. ಹತ್ತಿರ ನಿಂತಾಗ ಆ ಅಳತೆಗೆ ಮೈ ಜುಮ್ಮೆಂದಿತು.

ಅದು ಕೆಲಸ ಮಾಡುವ ಬಗೆಯನ್ನು ಭಾವ ಅಲ್ಲೇ ಮಣ್ಣಿನ ಮೇಲೆ ಗೀಚಿ ತೋರಿಸಿದ. ನೆಟ್ಟಗೆ ನಿಂತ ಕೊಳವೆ, ಅದರ ಬಾಯಿಗೆ ಆಲಿಕೆಯಂಥ ಅಂಚು, ಮೇಲೊಂದು ಗುಮ್ಮಟ. ಜಲಾಶಯ ತುಂಬಿ ನೀರು ಅಂಚನ್ನು ದಾಟಿತೆಂದರೆ, ಆಲಿಕೆಯ ಒಳಮೈಯಲ್ಲಿರುವ ಓರೆ ಅಲಗುಗಳು ಅದನ್ನು ಸುಳಿಯಾಗಿ ತಿರುಗಿಸುತ್ತವೆ. ತಿರುಗುವ ನೀರು ಕೊಳವೆಯ ಕತ್ತನ್ನು ಮುಚ್ಚಿ, ಗುಮ್ಮಟದೊಳಗಿನ ಗಾಳಿಯನ್ನೂ ಎಳೆದುಕೊಂಡು ಇಳಿಯುತ್ತದೆ. ಗಾಳಿ ಖಾಲಿಯಾದೊಡನೆ ಕೊಳವೆ ಪೂರ್ತಿ ತುಂಬಿ ಹೆಚ್ಚುವರಿ ನೀರನ್ನು ಭೋರೆಂದು ಹೊರಗೆ ಹಾಕುತ್ತದೆ. ಮಟ್ಟ ತಗ್ಗಿದಾಗ ಗಾಳಿ ಮತ್ತೆ ಒಳನುಗ್ಗಿ ಹರಿವನ್ನು ನಿಲ್ಲಿಸುತ್ತದೆ. ಇದಕ್ಕೆ ಗೇಟು ಬೇಡ, ಮೋಟಾರು ಬೇಡ, ಮಳೆಯಲ್ಲಿ ನೆನೆಯುತ್ತಾ ಚಕ್ರ ತಿರುಗಿಸುವ ಆಳೂ ಬೇಡ.

"ನಮ್ಮ ತೋಟದ ತೊಟ್ಟಿಯಲ್ಲವೇ ಇದು?" ಎಂದರು ಅತ್ತೆ.

ಹೌದು. ಬೇಸಿಗೆಯಲ್ಲಿ ಅಬ್ಬಿ ನೀರು ಬೆರಳಿನಷ್ಟು ಸಪೂರವಾಗಿ ಬರುತ್ತದೆ. ಹಾಗೇ ಬಿಟ್ಟರೆ ಮೇಲಿನ ನಾಲ್ಕು ಮರಗಳ ಬುಡದಲ್ಲೇ ಇಂಗಿಹೋಗುತ್ತದೆ. ಮಾವ ದಿಬ್ಬದ ಮೇಲೆ ಸಿಮೆಂಟು ತೊಟ್ಟಿ ಕಟ್ಟಿ, ನಡುವೆ ಪೈಪು ನಿಲ್ಲಿಸಿ, ಅದರ ಮೇಲೆ ಹಳೆಯ ಪ್ಲಾಸ್ಟಿಕ್ ಬಕೆಟ್ಟನ್ನು ಬೋರಲು ಹಾಕಿದ್ದರು. ಬಕೆಟ್ಟಿನ ಅಂಚಿನಲ್ಲಿ ನೀರು ಒಳಹೋಗಲು ಕಚ್ಚುಗಳು. ತೊಟ್ಟಿ ತುಂಬುವವರೆಗೆ ಎಲ್ಲವೂ ಸುಮ್ಮನಿರುತ್ತದೆ. ತುಂಬಿದೊಡನೆ ಅಷ್ಟೂ ನೀರು ಒಂದೇ ಬೀಸಿಗೆ ಇಳಿದು ತೋಟದ ತುದಿಯ ಅಡಿಕೆ ಸಸಿಗಳನ್ನು ತಲುಪುತ್ತದೆ. ಆಮೇಲೆ ತೊಟ್ಟಿ ಮೊದಲಿನಿಂದ ತುಂಬತೊಡಗುತ್ತದೆ, ಹಗಲು ರಾತ್ರಿ. ಇದರಲ್ಲಿ ಅಲಗುಗಳಿಲ್ಲ, ಸುಳಿಯೂ ಇಲ್ಲ. ಗಾಳಿಯನ್ನು ಹೊರದೂಡಿ ನೀರನ್ನು ಎಳೆಯುವ ಉಪಾಯ ಮಾತ್ರ ಅದೇ. ಬಾಲ್ಯದಲ್ಲಿ ಆ ಬಕೆಟ್ಟು ಗೊಳಗೊಳ ಸದ್ದು ಮಾಡುವುದನ್ನು ಕೇಳಲೆಂದೇ ನಾನು ಅಲ್ಲಿ ಕಾದು ಕೂರುತ್ತಿದ್ದೆ. ಇಷ್ಟು ದೊಡ್ಡದೊಂದನ್ನು ನೋಡಿ ಬಂದು ತೋಟದ ಅಳತೆಗೆ ಇಳಿಸಿದ್ದರೆಂಬುದು ಇಲ್ಲಿ ನಿಂತಾಗಲೇ ಮನಸ್ಸಿಗೆ ನಾಟಿತು. ಅವರಿಗೆ ಒಂದು ಸಂಗತಿ ಅರ್ಥವಾಗಬೇಕಾದರೆ ಕೈಯಿಂದ ಒಮ್ಮೆ ಮಾಡಿ ನೋಡಲೇಬೇಕಿತ್ತು.

ಭಾವ ಗುಮ್ಮಟದ ಕೆಳಗೆ ಬಗ್ಗಿ ಬಹಳ ಹೊತ್ತು ಫೋಟೊ ತೆಗೆದ. ಅತ್ತೆ ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚಿದರು. ಅವಲಕ್ಕಿ ತಿನ್ನುತ್ತಾ ಮುಂದಿನ ಪ್ರಯಾಣದ ಮಾತು ಬಂತು. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ, ಶಿಂಷಾ ನದಿಯ ಜಲಾಶಯದಲ್ಲಿ, ತಾನಾಗಿ ಹರಿಯುವ ಸೈಫನ್ನುಗಳು ಈಗಲೂ ಕೆಲಸ ಮಾಡುತ್ತವೆ. ಅಲ್ಲಿಗೆ ಬೇಸಿಗೆಯಲ್ಲಿ ಹೋಗಿ ಪ್ರಯೋಜನವಿಲ್ಲ, ಕಟ್ಟೆ ತುಂಬಬೇಕು. ಕುಣಿಗಲ್ಲಿನಲ್ಲಿರುವ ನೆಂಟರಿಗೆ ಭಾವ ಅಲ್ಲಿಂದಲೇ ಫೋನ್ ಮಾಡಿ, ನೀರು ಅಂಚಿಗೆ ಬಂದ ದಿನ ತಿಳಿಸಬೇಕೆಂದು ಹೇಳಿಟ್ಟ. ಆ ದಿನ ಯಾರಿಗೆ ಯಾವ ಕೆಲಸವಿದ್ದರೂ ಬಿಟ್ಟು ಹೊರಡುವುದೆಂದು ಅತ್ತೆ ತೀರ್ಮಾನಿಸಿದ್ದಾರೆ.